ನೋಡುವವರ ಋಣ

ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ರಾಜ್ಯದ ರಸ್ತೆಗಳಲ್ಲಿ ಶಾಲಾ ಮಕ್ಕಳ ಪ್ರವಾಸದ ಬಸ್ಸುಗಳು ಕಾಣಿಸಿಕೊಳ್ಳುತ್ತವೆ. ಉತ್ತರ ಕರ್ನಾಟಕದ ಕಡೆಗೆ ಹೊರಟ ಬಸ್ಸುಗಳ ದಾರಿ ಹೆಚ್ಚುಕಡಿಮೆ ಒಂದೇ: ವಿಜಾಪುರದ ಗೋಳಗುಮ್ಮಟ, ಆಲಮಟ್ಟಿ ಅಣೆಕಟ್ಟು, ಕೂಡಲಸಂಗಮ, ಐಹೊಳೆ, ಪಟ್ಟದಕಲ್ಲು, ಬಾದಾಮಿ, ಕೊನೆಗೆ ಹಂಪಿ. ಮೂರು ನಾಲ್ಕು ದಿನಗಳೊಳಗೆ ಸುಮಾರು ಒಂದೂವರೆ ಸಾವಿರ ವರ್ಷಗಳ ಚರಿತ್ರೆ ಕಿಟಕಿಯ ಪಕ್ಕದಲ್ಲಿ ಹಾದುಹೋಗುತ್ತದೆ. ಮಕ್ಕಳು ಮನೆಗೆ ಬಂದಾಗ ಹಿರಿಯರು ಕೇಳುವ ಪ್ರಶ್ನೆಯೂ ಒಂದೇ: ‘ಏನೇನು ನೋಡಿದಿರಿ?’

ಈ ‘ನೋಡುವುದು’ ಎಂಬ ಕ್ರಿಯೆಯ ಬಗ್ಗೆಯೇ ಸ್ವಲ್ಪ ಯೋಚಿಸಬೇಕೆನಿಸುತ್ತದೆ. ನೋಡುವುದಕ್ಕೆ ಏನಾದರೂ ನೀತಿಯಿದೆಯೇ? ಟಿಕೆಟು ಕೊಂಡು ಒಳಗೆ ಹೋದವನಿಗೆ ಆ ಜಾಗದೊಂದಿಗೆ ಇರುವ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತೇ, ಅಥವಾ ಇನ್ನೂ ಏನಾದರೂ ಬಾಕಿ ಉಳಿಯುತ್ತದೆಯೇ?

ನಮ್ಮ ಭಾಷೆಗಳಲ್ಲಿ ಮನೆಬಿಟ್ಟು ಹೊರಡುವುದಕ್ಕೆ ಹಲವು ಹೆಸರುಗಳಿವೆ. ಕನ್ನಡದಲ್ಲಿ ಯಾತ್ರೆ ಇದೆ, ಉರ್ದುವಿನಲ್ಲಿ ಜಿಯಾರತ್ ಇದೆ. ಈ ಎರಡರಲ್ಲೂ ಹೋಗುವವನು ಸಣ್ಣವನು, ಸ್ಥಳ ದೊಡ್ಡದು. ಹೋಗುವವನು ಚಪ್ಪಲಿ ಬಿಡುತ್ತಾನೆ, ತಲೆ ಮುಚ್ಚಿಕೊಳ್ಳುತ್ತಾನೆ, ಹರಕೆಯೋ ಫಾತಿಹಾವೋ ಏನಾದರೊಂದನ್ನು ಕೊಟ್ಟು ಬರುತ್ತಾನೆ. ಪ್ರವಾಸದಲ್ಲಿ ಈ ಸಂಬಂಧ ತಿರುವುಮುರುವಾಗಿದೆ. ಇಲ್ಲಿ ನೋಡುವವನು ದೊಡ್ಡವನು, ಸ್ಥಳ ಅವನನ್ನು ಮೆಚ್ಚಿಸಬೇಕು. ಮೆಚ್ಚಿಸದಿದ್ದರೆ ‘ಅಂಥದ್ದೇನಿಲ್ಲ’ ಎಂಬ ತೀರ್ಪು, ಮೆಚ್ಚಿಸಿದರೆ ‘ಪೈಸಾ ವಸೂಲ್’ ಎಂಬ ಶಿಫಾರಸು. ಉರ್ದುವಿನಲ್ಲಿ ಇನ್ನೊಂದು ಶಬ್ದವೂ ಇದೆ: ಇಬ್ರತ್. ಕಂಡದ್ದರಿಂದ ಪಾಠ ಕಲಿಯುವುದು, ಕಂಡು ಎಚ್ಚರವಾಗುವುದು ಎಂದು ಅದರ ಅರ್ಥ. ಹಳೆಯ ಕಾಲದವರು ಪಾಳು ಕೋಟೆಗಳನ್ನೂ ಗೋರಿಗಳನ್ನೂ ನೋಡುವಾಗ ಬಳಸುತ್ತಿದ್ದ ಶಬ್ದ ಇದು. ಈಗ ಅದು ನಿಘಂಟಿನಲ್ಲಿ ಉಳಿದಷ್ಟು ನಾಲಗೆಯ ಮೇಲೆ ಉಳಿದಿಲ್ಲ.

ಗೋಳಗುಮ್ಮಟವನ್ನೇ ತೆಗೆದುಕೊಳ್ಳೋಣ. ಅದು 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಸಮಾಧಿ. ಹೊರಗಿನಿಂದ ಸುಮಾರು 44 ಮೀಟರ್ ವ್ಯಾಸದ ಗುಮ್ಮಟ, ಅದನ್ನು ಹೊರಲು ನಡುವೆ ಒಂದೇ ಒಂದು ಕಂಬವೂ ಇಲ್ಲ. ಮೂಲೆಯ ಗೋಪುರದ ಮೆಟ್ಟಿಲು ಹತ್ತಿ ಒಳಗಿನ ಗ್ಯಾಲರಿಗೆ ಬಂದರೆ ಈ ಬದಿಯ ಪಿಸುಮಾತು ಆ ಬದಿಗೆ ಕೇಳಿಸುತ್ತದೆ, ಕೂಗಿದರೆ ಕೂಗು ಹಲವು ಬಾರಿ ಮರಳುತ್ತದೆ. ಹಾಗಾಗಿ ಅಲ್ಲಿಗೆ ಹೋದವರೆಲ್ಲ ಕೂಗುತ್ತಾರೆ. ತಮ್ಮ ಹೆಸರು, ಸಿನಿಮಾ ನಟರ ಹೆಸರು, ಸುಮ್ಮನೆ ಒಂದು ಕೇಕೆ. ಕೆಳಗೆ, ಕಟಾಂಜನದೊಳಗೆ ಕಾಣುವ ಗೋರಿಗಳು ತೋರಿಕೆಯವು. ನಿಜವಾದ ಗೋರಿಗಳು ಅದರ ತಳದ ನೆಲಮಾಳಿಗೆಯಲ್ಲಿವೆ. ಅರಸನ ಜೊತೆ ಅವನ ಪತ್ನಿಯರು, ಮಗಳು, ಮೊಮ್ಮಗ ಮತ್ತು ರಂಭೆ ಎಂಬ ನರ್ತಕಿ ಅಲ್ಲಿ ಮಲಗಿದ್ದಾರೆ.

ಕಬರಸ್ತಾನದ ಮುಂದೆ ಹಾದುಹೋಗುವಾಗ ಒಳಗಿರುವವರಿಗೆ ಸಲಾಂ ಹೇಳಬೇಕೆಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಪಾಠಗಳಲ್ಲೊಂದು. ಹಾಗಿರುವಾಗ ಸಮಾಧಿಯ ನೆತ್ತಿಯ ಮೇಲೆ ನಿಂತು ಕೇಕೆ ಹಾಕುವುದು ಸರಿಯೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಮಕ್ಕಳನ್ನು ಗದರುವುದರಲ್ಲೂ ನಮಗೆ ನಂಬಿಕೆಯಿಲ್ಲ. ಮುನ್ನೂರೈವತ್ತು ವರ್ಷಗಳ ಮೇಲೂ ಒಬ್ಬ ಅರಸನ ಗೋರಿಯ ಮೇಲೆ ಮಕ್ಕಳ ನಗು ಕೇಳಿಸುತ್ತಿದೆಯೆಂದರೆ ಅದು ಅವಮಾನವೇನಲ್ಲ. ತೊಂದರೆ ಇರುವುದು ಮಗುವಿನ ಕೂಗಿನಲ್ಲಲ್ಲ. ಇದು ಸತ್ತವರು ಮಲಗಿರುವ ಜಾಗ ಎಂಬ ಒಂದು ಮಾತನ್ನು ಆ ಮಗುವಿಗೆ ಯಾರೂ ಹೇಳದೆ ‘ಇಲ್ಲಿ ಕೂಗಿದರೆ ಏಳು ಸಲ ಕೇಳುತ್ತದೆ’ ಎಂದಷ್ಟೇ ಹೇಳಿ ಕಳಿಸಿದ್ದರಲ್ಲಿದೆ. ಗೊತ್ತಿದ್ದು ನಕ್ಕರೆ ಅದು ಬೇರೆ, ಏನೂ ಗೊತ್ತಿಲ್ಲದೆ ಕೂಗಿದರೆ ಅದು ಬೇರೆ.

ಇದಕ್ಕಿಂತ ಕಠಿಣವಾದ ಪ್ರಶ್ನೆಯೊಂದು ಊರ ಹೊರಗಿನ ‘ಸಾಠ್ ಕಬರ್’ನಲ್ಲಿ ಎದುರಾಗುತ್ತದೆ. ಅಲ್ಲಿ ಎತ್ತರದ ಕಟ್ಟೆಯ ಮೇಲೆ ಒಂದೇ ತೆರನಾದ ಕಪ್ಪು ಕಲ್ಲಿನ ಗೋರಿಗಳು ಸಾಲುಸಾಲಾಗಿವೆ. ಜನ ಹೇಳುತ್ತ ಬಂದ ಕಥೆ ಇದು: 1659ರಲ್ಲಿ ಶಿವಾಜಿಯನ್ನು ಎದುರಿಸಲು ಹೊರಟ ಅಫ್ಜಲ್ ಖಾನನಿಗೆ ತಾನು ಮರಳಿ ಬರುವುದಿಲ್ಲವೆಂದು ಜ್ಯೋತಿಷಿಗಳು ಹೇಳಿದರಂತೆ, ತಾನು ಸತ್ತ ಮೇಲೆ ಇವರು ಬೇರೆಯವರ ಪಾಲಾಗಬಾರದೆಂದು ಅವನು ತನ್ನ ಪತ್ನಿಯರನ್ನೆಲ್ಲ ಕೊಂದನಂತೆ. ಕಥೆ ಎಷ್ಟು ನಿಜ ಎಂಬುದು ಹಾಗಿರಲಿ. ಕಥೆ ಬರೆಯುವವರಾಗಿ ನಮ್ಮನ್ನು ಕಾಡುವುದು ಬೇರೆಯೇ ಸಂಗತಿ. ಈ ಕಥೆಯಲ್ಲಿ ಖಾನನಿಗೆ ಹೆಸರಿದೆ, ಅವನ ಶತ್ರುವಿಗೆ ಹೆಸರಿದೆ, ಯುದ್ಧಕ್ಕೆ ಇಸವಿ ಇದೆ. ಗೋರಿಯೊಳಗಿರುವ ಒಬ್ಬ ಹೆಂಗಸಿಗೂ ಹೆಸರಿಲ್ಲ. ಅವರು ಲೆಕ್ಕಕ್ಕಷ್ಟೇ ಇದ್ದಾರೆ. ಕೇಳಿದವರು ಮೈ ಜುಂ ಎಂದಿತೆಂದು ಹೇಳಿ, ಆ ಗೋರಿಗಳ ನಡುವೆ ನಿಂತು ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ಕಥೆ ಸುಳ್ಳಾಗಿದ್ದರೆ ಒಬ್ಬ ಮನುಷ್ಯನ ಮೇಲೆ ಇಷ್ಟು ದೊಡ್ಡ ಕೊಲೆಯ ಆರೋಪವನ್ನು ಮನರಂಜನೆಗಾಗಿ ಹೊರಿಸಿದ್ದೇವೆ. ನಿಜವಾಗಿದ್ದರೆ ಅಷ್ಟು ಹೆಂಗಸರ ಸಾವನ್ನು ಮನರಂಜನೆಯಾಗಿ ಸ್ವೀಕರಿಸಿದ್ದೇವೆ. ಎರಡರಲ್ಲೂ ಕೇಳುವವರ ಕೈ ಶುದ್ಧವಾಗಿ ಉಳಿಯುವುದಿಲ್ಲ. ಆ ಹೆಂಗಸರಲ್ಲಿ ಒಬ್ಬಳ ತಾಯಿ ನಮ್ಮ ಪಕ್ಕದಲ್ಲೇ ನಿಂತಿದ್ದರೆ ನಾವು ಈ ಕಥೆಯನ್ನು ಹೀಗೆಯೇ ಹೇಳುತ್ತಿದ್ದೆವೇ? ಗೋರಿಯ ಮುಂದೆ ನಿಂತು ಹೇಳುವ ಯಾವ ಕಥೆಗೂ ಈ ಒಂದು ಪರೀಕ್ಷೆ ಸಾಕು.

ಇನ್ನು ‘ನಮ್ಮದು’ ಎಂಬ ಮಾತಿನ ಬಗ್ಗೆ. ಈ ಶಬ್ದ ನಮ್ಮ ಕಾಲದಲ್ಲಿ ಬಹಳ ದುಬಾರಿಯಾಗಿದೆ. ವಿಜಾಪುರಕ್ಕೆ ಹೋದ ಮುಸ್ಲಿಂ ಹುಡುಗನೊಬ್ಬ ಗುಮ್ಮಟದ ಮುಂದೆ ಎದೆಯುಬ್ಬಿಸಿ ‘ಇದು ನಮ್ಮವರು ಕಟ್ಟಿದ್ದು’ ಎನ್ನುತ್ತಾನೆ. ಅದೇ ಪ್ರವಾಸದಲ್ಲಿ ಹಂಪಿಗೆ ಹೋದಾಗ ಅವನ ಸಹಪಾಠಿ ಒಡೆದ ವಿಗ್ರಹದ ಮುಂದೆ ನಿಂತು ‘ಇದು ನಿಮ್ಮವರು ಒಡೆದದ್ದು’ ಎನ್ನುತ್ತಾನೆ. ಮೊದಲನೆಯ ಮಾತನ್ನು ಒಪ್ಪಿದವನು ಎರಡನೆಯದರಿಂದ ತಪ್ಪಿಸಿಕೊಳ್ಳುವುದು ಹೇಗೆ? ಕಟ್ಟಿದ ಕೀರ್ತಿ ರಕ್ತದಲ್ಲಿ ಹರಿದುಬರುವುದಾದರೆ ಒಡೆದ ಪಾಪವೂ ಅದೇ ರಕ್ತದಲ್ಲಿ ಹರಿದುಬರಬೇಕಲ್ಲವೇ? ಎರಡೂ ಬರುವುದಿಲ್ಲ ಎಂಬುದೇ ನಮ್ಮ ನಂಬಿಕೆ.

ಚರಿತ್ರೆಯಾದರೂ ಇಷ್ಟು ಸರಳವಾಗಿ ಎರಡು ಪಂಗಡಗಳಾಗಿ ಸೀಳಿಕೊಳ್ಳುವುದಿಲ್ಲ. 1565ರಲ್ಲಿ ಕೃಷ್ಣೆಯ ದಡದ ರಕ್ಕಸಗಿ-ತಂಗಡಗಿಯ ಬಳಿ ನಡೆದ ಯುದ್ಧದಲ್ಲಿ ದಖ್ಖನದ ಸುಲ್ತಾನರು ಒಟ್ಟಾಗಿ ವಿಜಯನಗರವನ್ನು ಸೋಲಿಸಿದ್ದು, ಆಮೇಲೆ ಆ ನಗರ ಲೂಟಿಯಾದದ್ದು ಸತ್ಯ. ಆದರೆ ಆ ಯುದ್ಧಕ್ಕೆ ಕೆಲವೇ ವರ್ಷಗಳ ಮೊದಲು ಮೊದಲನೆಯ ಅಲಿ ಆದಿಲ್ ಶಾಹ ವಿಜಯನಗರಕ್ಕೆ ಹೋಗಿ, ಮಗನನ್ನು ಕಳೆದುಕೊಂಡಿದ್ದ ರಾಮರಾಯನನ್ನು ಸಂತೈಸಿದ್ದನ್ನು ವಿಜಾಪುರದಲ್ಲೇ ಕುಳಿತು ಇತಿಹಾಸ ಬರೆದ ಫರಿಶ್ತಾ ದಾಖಲಿಸಿದ್ದಾನೆ. ಅದೇ ವಿಜಾಪುರವನ್ನು 1686ರಲ್ಲಿ ಗೆದ್ದು ಆದಿಲ್ ಶಾಹಿಗಳ ಆಳ್ವಿಕೆಗೆ ಕೊನೆ ಹಾಡಿದವನು ಔರಂಗಜೇಬ. ಎರಡನೆಯ ಇಬ್ರಾಹಿಂ ಆದಿಲ್ ಶಾಹ ದಖನಿಯಲ್ಲಿ ಬರೆದ ‘ಕಿತಾಬ್-ಎ-ನವರಸ್’ನಲ್ಲಿ ಸರಸ್ವತಿಯ ಸ್ತುತಿಯಿದೆ. ಅತ್ತ ಹಂಪಿಯಲ್ಲಿ ಎರಡನೆಯ ದೇವರಾಯನ ಅಧಿಕಾರಿ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ನಿಂತಿದೆ. ಅದರ ಕನ್ನಡ ಶಾಸನದಲ್ಲಿ ಅದನ್ನು ‘ಧರ್ಮಸಾಲೆ’ ಎಂದು ಕರೆದಿದ್ದಾರೆ. ಪ್ರೀತಿ, ದ್ವೇಷ, ಲಾಭ, ಲೋಭ ಎಲ್ಲವೂ ಅಂದೂ ಇದ್ದವು, ಅವು ಜಾತಿ ಧರ್ಮ ಕೇಳಿ ಬರಲಿಲ್ಲ.

ಹಾಗಾದರೆ ಯಾವುದು ನಮ್ಮದು? ನಾವು ಯಾವುದರ ಜವಾಬ್ದಾರಿಯನ್ನು ಹೊರುತ್ತೇವೆಯೋ ಅದಷ್ಟೇ ನಮ್ಮದು. ಹೆಸರು ಹೋಲುತ್ತದೆಂಬ ಕಾರಣಕ್ಕೆ ಅರಸನ ಕಿರೀಟ ನಮ್ಮದಾಗುವುದಿಲ್ಲ. ಆದರೆ ಆ ಅರಸನ ಕಾಲದ ಬಾವಿಯೊಂದು ನಮ್ಮ ಓಣಿಯಲ್ಲಿದ್ದು, ಅದರಲ್ಲಿ ಕಸ ತುಂಬಿದ್ದರೆ ಆ ಬಾವಿ ಖಂಡಿತ ನಮ್ಮದು. ಓಣಿಯಲ್ಲಿರುವವರು ಯಾವ ಧರ್ಮದವರಾದರೂ ಸರಿ.

ಬಾವಿಯ ಮಾತು ಸುಮ್ಮನೆ ಬಂದದ್ದಲ್ಲ. ವಿಜಾಪುರ ಬರದ ನಾಡು. ಲಕ್ಷಾಂತರ ಜನರ ರಾಜಧಾನಿಯನ್ನು ಅಲ್ಲಿ ಕಟ್ಟಲು ಗುಮ್ಮಟಕ್ಕಿಂತ ಮೊದಲು ಬೇಕಾದದ್ದು ನೀರು. ಆದಿಲ್ ಶಾಹಿಗಳ ಕಾಲದ ಜನ ಪಶ್ಚಿಮದ ತೊರವಿಯಿಂದ ನೆಲದಡಿಯ ಸುರಂಗದಲ್ಲಿ ನೀರು ತಂದರು, ಗಾಳಿ ಬೆಳಕಿಗೆಂದು ದಾರಿಯುದ್ದಕ್ಕೂ ಬಾವಿಯಂಥ ಕಿಂಡಿಗಳನ್ನು ತೋಡಿದರು. ಇದಕ್ಕೆ ಕರೇಜ್ ಎನ್ನುತ್ತಾರೆ. 1651ರಲ್ಲಿ ಬೇಗಂ ತಲಾಬ್ ಕಟ್ಟಿ ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಹರಿಸಿದರು. ನೀರಿನ ಒತ್ತಡ ತಗ್ಗಿಸಲು ನಡುನಡುವೆ ಎತ್ತರದ ಗಂಜ್‌ಗಳನ್ನು ನಿಲ್ಲಿಸಿದರು. 1620ರ ಸುಮಾರಿನ ತಾಜ್ ಬಾವಡಿಯಂಥ ದೊಡ್ಡ ಬಾವಡಿಗಳು ಊರೊಳಗೆ ಹಲವಾರು ಇದ್ದವು. ಗುಮ್ಮಟವನ್ನು ಎಲ್ಲರೂ ಕತ್ತೆತ್ತಿ ನೋಡಿದರು, ಬಾವಿಯನ್ನು ಬಗ್ಗಿ ನೋಡಿದವರು ಕಡಿಮೆ. ದಶಕಗಳ ಕಾಲ ಬಾವಡಿಗಳಲ್ಲಿ ಹೂಳು, ಪ್ಲಾಸ್ಟಿಕ್, ಕೊಳಚೆ ತುಂಬಿತು. ಅದೇ ಊರಿನಲ್ಲಿ ಹೆಂಗಸರು ನಲ್ಲಿಯ ಮುಂದೆ ಕೊಡಗಳ ಸಾಲು ಹಚ್ಚಿ ನಿಂತರು. 2010ರ ದಶಕದ ಉತ್ತರಾರ್ಧದಲ್ಲಿ ಹಲವು ಬಾವಡಿಗಳ ಹೂಳೆತ್ತಿದಾಗ ತಳದಲ್ಲಿ ಮತ್ತೆ ನೀರು ಕಂಡಿತು. ನೂರಾರು ವರ್ಷಗಳ ಹಿಂದೆ ಯಾರೋ ಅಗೆದ ಬಾವಿ ತನ್ನ ಕೆಲಸ ಮರೆತಿರಲಿಲ್ಲ.

ಗುಮ್ಮಟದ ನೆರಳಿನಲ್ಲಿ ಬದುಕುವವರ ಕಥೆಯೂ ಇದೆ. ವಿಜಾಪುರದಲ್ಲಿ ಸ್ಮಾರಕಗಳು ಊರ ಹೊಟ್ಟೆಯೊಳಗೇ ಇವೆ. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ; ಅದರಾಚೆಗಿನ 200 ಮೀಟರಿನಲ್ಲಿ ಕಟ್ಟಲು ಅನುಮತಿ ಬೇಕು. ಇದ್ದ ಮನೆಯ ದುರಸ್ತಿಗೂ ಅರ್ಜಿ ಹಾಕಬೇಕು. ಕಾನೂನಿನ ಉದ್ದೇಶ ಒಳ್ಳೆಯದೇ. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಎಷ್ಟೋ ಗೋರಿಗಳ ಮೇಲೆ ವಾಣಿಜ್ಯ ಸಂಕೀರ್ಣಗಳು ಎದ್ದಿರುತ್ತಿದ್ದವು. ಆದರೆ ಅದರ ಭಾರ ಯಾರ ಮೇಲೆ ಬೀಳುತ್ತದೆ ನೋಡಿ. ನಾವು ಒಂದು ಗಂಟೆ ನೋಡಿ ಹೋಗುವ ಅಂದಕ್ಕಾಗಿ, ಮಗನ ಮದುವೆಗೆ ಒಂದು ಕೋಣೆ ಹೆಚ್ಚು ಕಟ್ಟಿಕೊಳ್ಳಲಾಗದೆ ಒಬ್ಬ ಕೂಲಿಕಾರ ವರ್ಷಗಟ್ಟಲೆ ಕಾಯುತ್ತಾನೆ. ಆ ಅಂದದ ನಿಜವಾದ ಬೆಲೆಯಲ್ಲಿ ಒಂದು ಪಾಲನ್ನು ಅವನು ತೆರುತ್ತಿದ್ದಾನೆ. ನಮ್ಮ ಟಿಕೆಟಿನ ಮೇಲೆ ಆ ಪಾಲು ಬರೆದಿರುವುದಿಲ್ಲ.

ವಿಜಾಪುರದಿಂದ ದಕ್ಷಿಣಕ್ಕೆ ಹೊರಟ ಬಸ್ಸು ಆಲಮಟ್ಟಿಯಲ್ಲಿ ನಿಲ್ಲುತ್ತದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟು ಇದು, ಮುಗಿದದ್ದು 2005ರಲ್ಲಿ. ಬದಿಯಲ್ಲಿ ಉದ್ಯಾನಗಳಿವೆ, ಸಂಗೀತ ಕಾರಂಜಿ ಇದೆ, ಸಂಜೆಯ ಹೊತ್ತು ಬಣ್ಣದ ದೀಪದಲ್ಲಿ ನೀರು ಕುಣಿಯುತ್ತದೆ. ಎದುರಿಗೆ ಕಣ್ಣು ಹಾಯುವಷ್ಟು ದೂರ ಹಿನ್ನೀರು. ಈ ನೀರಿನಿಂದ ಬರದ ನೆಲಕ್ಕೆ ಪೈರು ಬಂದಿದೆ, ಊರುಗಳಿಗೆ ಕುಡಿಯುವ ನೀರು ಬಂದಿದೆ. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಅದೇ ನೀರಿನಡಿಯಲ್ಲಿ ಹಳ್ಳಿಗಳಿವೆ, ಹಳೆಯ ಬಾಗಲಕೋಟೆಯ ಓಣಿಗಳಿವೆ, ಗುಡಿಗಳು, ಮಸೀದಿಗಳು, ಕಬರಸ್ತಾನಗಳು, ಹೊಲದ ಬದುವಿನಲ್ಲಿ ಹೂತಿಟ್ಟ ಹಿರಿಯರಿದ್ದಾರೆ. ಅಲ್ಲಿಂದೆದ್ದವರ ಮಕ್ಕಳು ನವನಗರದ ಸೆಕ್ಟರ್‌ಗಳಲ್ಲಿ ಬೆಳೆದರು. ಹಿರಿಯರ ಗೋರಿಗೆ ಹೂವು ಹಾಕಬೇಕೆನಿಸಿದರೆ ಅವರು ನೀರಿನ ಕಡೆಗೆ ಮುಖಮಾಡಿ ನಿಲ್ಲಬೇಕು.

ಅಲ್ಲಿಂದ ಸ್ವಲ್ಪ ಮುಂದೆ ಕೂಡಲಸಂಗಮ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಬಸವಣ್ಣನವರ ಐಕ್ಯಸ್ಥಳವನ್ನು ಮುಳುಗಿಸದಂತೆ ಸುತ್ತ ಬಾವಿಯಾಕಾರದ ಎತ್ತರದ ಗೋಡೆ ಕಟ್ಟಿದ್ದಾರೆ. ಮೆಟ್ಟಿಲಿಳಿದು ಒಳಗೆ ಹೋದರೆ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ ನಾವು ನಿಂತಿರುತ್ತೇವೆ. ಮಾಡಬೇಕಾದ ಕೆಲಸವನ್ನೇ ಮಾಡಿದ್ದಾರೆ. ಎಲ್ಲ ಗೋರಿಗಳಿಗೂ ಇಂಥ ಗೋಡೆ ಕಟ್ಟಲಾಗುವುದಿಲ್ಲ ಎಂಬುದು ನಮಗೂ ಗೊತ್ತು. ಆದರೆ ಕಾರಂಜಿಯ ಬಳಿ ಮುಳುಗಿದ ಊರುಗಳ ಹೆಸರನ್ನು ಬರೆದ ಒಂದು ಕಲ್ಲು ನಿಲ್ಲಿಸಿ, ‘ನೀವು ನೋಡುತ್ತಿರುವ ನೀರಿನಡಿಯಲ್ಲಿ ಇವರ ಮನೆಗಳಿದ್ದವು’ ಎಂದು ಬರೆಯಲು ದೊಡ್ಡ ಯೋಜನೆಯೇನೂ ಬೇಡ. ಸ್ಥಾವರಕ್ಕೂ ಜಂಗಮಕ್ಕೂ ಇರುವ ಭೇದವನ್ನು ಕನ್ನಡಿಗರಿಗೆ ಕಲಿಸಿದವರ ಸನ್ನಿಧಿಯಿಂದ ಹೊರಟಾಗಲಾದರೂ ಇದು ನೆನಪಾಗಬೇಕು.

ದಾರಿಯ ಕೊನೆಗೆ ಹಂಪಿ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತಾಣ. ವಿರೂಪಾಕ್ಷ ಗುಡಿಯ ಎದುರಿನ ಬೀದಿಯ ಹಳೆಯ ಮಂಟಪಗಳಲ್ಲಿ ದಶಕಗಳಿಂದ ಕುಟುಂಬಗಳು ವಾಸವಾಗಿದ್ದವು. ಹೂವು, ಕಾಯಿ, ಚಹಾ ಮಾರುತ್ತಿದ್ದರು, ಬಂದವರಿಗೆ ಕೋಣೆ ಬಾಡಿಗೆಗೆ ಕೊಡುತ್ತಿದ್ದರು. 2011ರ ಜುಲೈನಲ್ಲಿ ಆ ಮನೆ ಅಂಗಡಿಗಳನ್ನು ಯಂತ್ರಗಳು ಕೆಡವಿದವು. ಮಂಟಪಗಳ ನಡುವೆ ಗೋಡೆ ಕಟ್ಟಿ ಕಂಬಗಳನ್ನು ಹಾಳುಮಾಡಿದ್ದು ತಪ್ಪಲ್ಲವೇ ಎಂದರೆ ತಪ್ಪೇ. ಪರಂಪರೆ ಉಳಿಯಬೇಕೆನ್ನುವವರ ಮಾತಿನಲ್ಲಿ ನ್ಯಾಯವಿದೆ. ಆದರೆ ಆ ಬೀದಿಯನ್ನು ಕಟ್ಟಿದ್ದೇ ಬಜಾರಿಗಾಗಿ. ಬಜಾರಿನಿಂದ ವ್ಯಾಪಾರಿಯನ್ನೂ ಗಿರಾಕಿಯನ್ನೂ ತೆಗೆದುಹಾಕಿ ಖಾಲಿ ಕಂಬಗಳನ್ನು ಉಳಿಸಿದರೆ ಉಳಿದದ್ದು ಏನು? ಹೋಗಲಿ, ಎಬ್ಬಿಸಲೇಬೇಕಿತ್ತು ಅನ್ನೋಣ. ಎಬ್ಬಿಸುವ ಮೊದಲು ಇನ್ನೊಂದು ಸೂರು ಕೊಡುವುದು ಕಲ್ಲಿನ ಮೇಲಿನ ಗೌರವಕ್ಕೆ ಅಡ್ಡಬರುತ್ತಿತ್ತೇ? ಸತ್ತ ನಗರವನ್ನು ಕಾಪಾಡಲು ಬದುಕಿದ್ದ ಊರನ್ನು ಕೆಡವಿದೆವು, ಪರಿಹಾರ ಆಮೇಲೆ ತೆವಳುತ್ತ ಬಂತು.

ಹಾಗಾದರೆ ಎಲ್ಲಿಗೂ ಹೋಗಲೇಬಾರದೇ ಎಂದು ಕೇಳಬಹುದು. ಹಾಗಲ್ಲ. ನೋಡುವವರು ಇಲ್ಲದ ಕಡೆ ಏನಾಗುತ್ತದೆಂಬುದಕ್ಕೆ ವಿಜಾಪುರದ ಮಲಿಕ್-ಎ-ಮೈದಾನ್ ತೋಪೇ ಸಾಕ್ಷಿ. 1549ರಲ್ಲಿ ಎರಕಹೊಯ್ದ ಸುಮಾರು 55 ಟನ್ ತೂಕದ ಈ ಅದ್ಭುತವನ್ನು 1854ರಲ್ಲಿ ಹರಾಜಿಗಿಟ್ಟರು. ಬಂದ ಬೆಲೆ 150 ರೂಪಾಯಿ. ಹರಾಜು ರದ್ದಾದ್ದರಿಂದ ಅದು ಉಳಿಯಿತು, ಇಲ್ಲದಿದ್ದರೆ ಕರಗಿ ಇನ್ನೇನೋ ಆಗಿರುತ್ತಿತ್ತು. ಜನ ನೋಡಬೇಕು. ಅದರಲ್ಲೂ ಜೀವನದಲ್ಲಿ ಒಮ್ಮೆಯೂ ಊರು ಬಿಟ್ಟು ಹೋಗದ ಬಡ ಮಕ್ಕಳು ನೋಡಬೇಕು. ಟಾಂಗಾದವರು, ಗೈಡುಗಳು, ಸೇಂಗಾ ಮಾರುವವರು, ಖಾನಾವಳಿಯಲ್ಲಿ ರೊಟ್ಟಿ ತಟ್ಟುವ ತಾಯಂದಿರು ಬದುಕುವುದು ಈ ನೋಡುವವರಿಂದಲೇ. ಪ್ರಶ್ನೆ ಇರುವುದು ಹೇಗೆ ನೋಡಬೇಕು ಎಂಬುದರಲ್ಲಿ.

ಇದಕ್ಕೆ ಒಂದು ದಾರಿಯನ್ನು ಬೀದರದ ಹತ್ತಿರದ ಅಷ್ಟೂರು ತೋರಿಸುತ್ತದೆ. ಶಾಲಾ ಬಸ್ಸುಗಳ ಮಾಮೂಲಿ ದಾರಿಯಿಂದ ಅದು ದೂರ. ಅಲ್ಲಿ 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾಹನ ಸಮಾಧಿಯಿದೆ. ಬರಗಾಲದಲ್ಲಿ ಅವನು ಪ್ರಾರ್ಥಿಸಿದಾಗ ಮಳೆ ಬಂತೆಂದೂ ಅದರಿಂದಲೇ ಅವನಿಗೆ ‘ವಲಿ’ ಎಂಬ ಹೆಸರು ಬಂತೆಂದೂ ಹೇಳುತ್ತಾರೆ. ಅವನ ಉರುಸು ನಡೆಯುವುದು ಹಿಜರಿ ತಿಂಗಳ ಲೆಕ್ಕದಲ್ಲಲ್ಲ, ಹಿಂದೂ ಪಂಚಾಂಗದ ಲೆಕ್ಕದಲ್ಲಿ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ವಂಶಪಾರಂಪರ್ಯವಾಗಿ ಒಬ್ಬ ಜಂಗಮರು ಜನರೊಂದಿಗೆ ನಡೆದುಕೊಂಡು ಬಂದು ಉರುಸನ್ನು ನಡೆಸಿಕೊಡುತ್ತಾರೆ. ಸುಲ್ತಾನನಲ್ಲಿ ಅಲ್ಲಮಪ್ರಭುವನ್ನು ಕಾಣುವ ಭಕ್ತರೂ ಅಲ್ಲಿದ್ದಾರೆ. ಒಳಗೆ ಗೋಡೆಯ ಮೇಲಿನ ಬಣ್ಣದ ಚಿತ್ತಾರ ಈ ನಾಡಿನ ಅತ್ಯಂತ ಸುಂದರ ಸಂಗತಿಗಳಲ್ಲೊಂದು. ನಡೆದು ಬಂದವರು ಅದನ್ನೂ ನೋಡುತ್ತಾರೆ. ಆದರೆ ಅವರು ನೋಡುವುದಕ್ಕಷ್ಟೇ ಬಂದವರಲ್ಲ. ತಂದದ್ದನ್ನು ಕೊಟ್ಟು, ಕೊಟ್ಟದ್ದನ್ನು ಹಂಚಿಕೊಂಡು ಉಂಡು, ಬರುವ ವರ್ಷ ಮತ್ತೆ ಬರುತ್ತೇವೆಂಬ ಬಾಕಿಯನ್ನು ಉಳಿಸಿಕೊಂಡು ಹೋಗುತ್ತಾರೆ. ‘ಇದು ಯಾರದು’ ಎಂಬ ಜಗಳಕ್ಕೆ ಅಲ್ಲಿ ಎಡೆಯಿಲ್ಲದಿರುವುದು ಈ ಬಾಕಿಯಿಂದಾಗಿಯೇ.

ಎಲ್ಲರೂ ಮಾಡಿಯಾಳದ ಜಂಗಮರಂತೆ ನಡೆದುಕೊಂಡು ಹೋಗಲಾರರು, ಹೋಗಬೇಕಾಗಿಯೂ ಇಲ್ಲ. ಸಣ್ಣ ಕೆಲಸಗಳು ಸಾಕು. ಗೋಡೆಯ ಮೇಲೆ ನಮ್ಮ ಹೆಸರು ಕೊರೆಯುವ ಬದಲು ಅಲ್ಲಿ ಮಲಗಿರುವವರ ಹೆಸರು ತಿಳಿದುಕೊಳ್ಳಬಹುದು. ಗೈಡು ಹೇಳಿದ ಕೊಲೆಯ ಕಥೆಗೆ ತಲೆದೂಗುವ ಮೊದಲು ‘ಇದನ್ನು ಯಾರು ಬರೆದಿಟ್ಟಿದ್ದಾರೆ?’ ಎಂದು ಕೇಳಬಹುದು. ಬಾವಡಿಯ ಮುಂದೆ ಹತ್ತು ನಿಮಿಷ ನಿಲ್ಲಬಹುದು, ನೀರಿನ ಬಾಟಲಿಯನ್ನು ಅದರೊಳಗೆ ಎಸೆಯದಿರಬಹುದು. ಸೇಂಗಾ ಮಾರುವವಳೊಂದಿಗೆ ಎರಡು ರೂಪಾಯಿಗೆ ಚೌಕಾಸಿ ಮಾಡದಿರಬಹುದು.

ಮತ್ತು ಶಾಲೆಗಳಲ್ಲಿ ಪ್ರವಾಸ ಮುಗಿದ ಮೇಲೆ ಮಕ್ಕಳಿಂದ ಪ್ರಬಂಧ ಬರೆಸುವ ರೂಢಿಯಿದೆ. ‘ನಾವು ಬೆಳಿಗ್ಗೆ ಆರು ಗಂಟೆಗೆ ಹೊರಟೆವು’ ಎಂದು ಶುರುವಾಗಿ ‘ಪ್ರವಾಸ ಬಹಳ ಆನಂದದಾಯಕವಾಗಿತ್ತು’ ಎಂದು ಮುಗಿಯುವ ಪ್ರಬಂಧಗಳು. ಮೇಷ್ಟ್ರುಗಳಲ್ಲಿ ನಮ್ಮ ಒಂದು ಕೋರಿಕೆ. ಮುಂದಿನ ಸಲ ಎತ್ತರ, ಅಗಲ, ಇಸವಿಗಳ ಜೊತೆಗೆ ಇನ್ನು ಮೂರು ಪ್ರಶ್ನೆಗಳನ್ನು ಕೊಟ್ಟು ಕಳಿಸಿ: ಈ ಊರಿನವರು ಎಲ್ಲಿಂದ ನೀರು ತರುತ್ತಾರೆ? ಇಲ್ಲಿ ಮೊದಲು ಯಾರು ಇದ್ದರು, ಈಗ ಅವರೆಲ್ಲಿ? ನಿಮಗೆ ಇವೆಲ್ಲವನ್ನೂ ತೋರಿಸಿದವರ ಹೆಸರೇನು?